ಕೋವಿಯ ತುಕ್ಕು

ಅಪ್ಪಾ,

ನೀನು ತೀರಿಕೊಂಡ ಮೇಲೆ ಮದ್ದು ತುಂಬಿ ಹೊಡೆಯುವ ನಿನ್ನ ಕೇಪಿನ ಕೋವಿಯ ಲೈಸೆನ್ಸು ನನ್ನ ಹೆಸರಿಗಾಯಿತು. ಹೋದ ತಿಂಗಳು ಕಬ್ಬಿಗೆ ಬಿದ್ದ ಹಂದಿ ಓಡಿಸಲು ಒಂದು ಗುಂಡು ಹಾರಿಸಿ, ನಳಿಗೆ ತೊಳೆಯದೆ ಹಾಗೇ ಮೂಲೆಗಿಟ್ಟಿದ್ದೆ. ನೀನಾದರೆ ಬಿಸಿನೀರು ಹುಯ್ದು, ಮದ್ದಿನ ಮಸಿ ತೊಳೆದು, ಒರೆಸಿ, ಎಣ್ಣೆ ಸವರಿದ ಮೇಲೆಯೇ ಊಟಕ್ಕೆ ಕೂರುತ್ತಿದ್ದೆ.

ಇವತ್ತು ಅದನ್ನು ಮಳವಳ್ಳಿಗೆ, ಕೋವಿ ರಿಪೇರಿಯ ಹೊನ್ನಯ್ಯನವರ ಹತ್ತಿರ ಒಯ್ದೆ. ಅವರು ಗಜದ ಸರಳಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ಆಡಿಸಿದರು. ಬಟ್ಟೆ ಕೆಂಪಗೆ ಬಂತು.

"ಇದೇನ್ಲಾ, ಬಾವಿಗ್ ಆಕಿದ್ದಾ? ಯಾರ್ ಕೆಲ್ಸ ಇದು?"

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು.

"ಅಪ್ಪನ ಕಾಲದ್ದು," ಅಂದುಬಿಟ್ಟೆ.

ಹೊನ್ನಯ್ಯ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಕಣ್ ಕಾಣ್ದಂಗಾಗಿತ್ತೇನೋ, ಪಾಪ. ಇಲ್ದಿದ್ರೆ ಅವ್ನು ಇಂಗ್ ಬುಡೋನಲ್ಲ."

ನಾನು ಹೂಂ ಅಂದೆ.