ಹದಿನಾರು ಸಾವಿರ ಬಾಗಿಲು

ಸಾರಿ ಗುಬ್ಬಿ, ಮತ್ತೆ ಮೊದಲಿಂದ ಶುರು ಮಾಡ್ತಿದೀನಿ. ಈ ವಾಯ್ಸ್ ಮೆಸೇಜ್ ಮುಕ್ಕಾಲು ಭಾಗ ಹೇಳಿ ಮುಗಿಸಿದ್ದೆ, ಹೆಬ್ಬೆರಳು ಎಲ್ಲೋ ತಾಗಿ ಪೂರ್ತಿ ಅಳಿಸಿಹೋಯ್ತು. ಅದಕ್ಕೆ ಮುಂಚೆ ಒಂದು ಮಾಡಿದ್ದೆ, ಅದರಲ್ಲಿ ನನ್ನ ಮಾತಿಗಿಂತ ಹೊಲಿಗೆ ಮಷೀನಿನ ಮಾತೇ ಜಾಸ್ತಿ ಇತ್ತು. ಇವತ್ತು ಭಾನುವಾರ ಬೆಳಿಗ್ಗೆ. ಅಂಗಡಿ ಶಟರ್ ಅರ್ಧ ಇಳಿಸಿ, ಯಾರೋ ಗಿರಾಕಿಯ ಸೋಫಾ ಮೇಲೆ ಕಾಲು ಚಾಚಿ ಕೂತಿದೀನಿ. ಪತ್ರ ಬರೆಯೋ ಕಾಲದಲ್ಲಿ ಮೇಲೆ ತಾರೀಖು, ಊರು ಹಾಕ್ತಿದ್ವಲ್ಲ, ಹಾಗೆ ಅಂದ್ಕೋ. ಹೇಗಿದೀಯಮ್ಮ? ಸೊಂಟ ನೋವು ಹೇಗಿದೆ? ಹಾಸ್ಟೆಲ್‌ನವರು ಆ ಹಾಸಿಗೆ ಬದಲಾಯಿಸಿದ್ರಾ, ಇಲ್ಲ ಇನ್ನೂ ಅದೇ ಹಪ್ಪಳದಂಥ ಹಾಸಿಗೆ ಮೇಲೇ ಮಲಗ್ತಿದೀಯಾ? ಊರಿನವರ ಬೆನ್ನಿಗೆಲ್ಲ ಮೆತ್ತೆ ಮಾಡಿಕೊಡೋನು ನಾನು. ನನ್ನ ಸ್ವಂತ ತಂಗಿ ಹಲಗೆ ಮೇಲೆ ಹೊರಳಾಡ್ತಾಳೆ ಅಂತ ಯಾರಿಗಾದ್ರೂ ಹೇಳ್ಕೊಳ್ಳೋಕಾಗುತ್ತಾ? ಔಷಧಿ ತಪ್ಪಿಸಬೇಡ. ಕ್ಲಿನಿಕ್ ಕೆಲಸದಲ್ಲಿ ಇಡೀ ದಿನ ಕುರ್ಚಿ ಬಿಟ್ಟೇಳದೆ ಕೂತಿರಬೇಡ, ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡು. ನಾವಿಲ್ಲಿ ಚೆನ್ನಾಗಿದೀವಿ. ನಿಮ್ಮತ್ತಿಗೆಗೆ ಸ್ವಲ್ಪ ನೆಗಡಿ, ಆದ್ರೂ ನನ್ನ ಬೈಯೋ ದನಿ ಏನೂ ಕಮ್ಮಿ ಆಗಿಲ್ಲ.

ಮೊನ್ನೆ ನೀನು ಫೋನಿಟ್ಟ ಮೇಲೆ ನಾನು ತುಂಬಾ ಹೊತ್ತು ಸೂಜಿಗೆ ದಾರ ಪೋಣಿಸ್ತಾ ಕೂತಿದ್ದೆ. ದಾರ ಒಳಗೆ ಹೋಗಿಯಾಗಿತ್ತು, ಆದ್ರೂ ಪೋಣಿಸ್ತಾನೇ ಇದ್ದೆ. ಬುಧವಾರ ಭಾವನ ಅಣ್ಣ ಬರ್ತಾರೆ, ನಿನ್ನನ್ನ ವಾಪಸ್ ಕರ್ಕೊಂಡು ಹೋಗ್ತಾರೆ, 'ಆಗಿದ್ದೆಲ್ಲ ಮರೆತುಬಿಡ್ತೀವಿ' ಅಂತ ಹೇಳಿ ಕಳಿಸಿದಾರೆ ಅಂದೆ. ಮರೀತಾರಂತೆ! ಮರೆಯೋ ಅಂಥದ್ದು ಅವರಿಗೇನಮ್ಮ ಆಗಿತ್ತು? ನೀನು ಗಂಡನ ಮನೆ ಬಿಟ್ಟು ಬಂದು ವರ್ಷ ಆಗ್ತಾ ಬಂತು. ಯಾರೂ ಹೊಡೀಲಿಲ್ಲ, ಬಡೀಲಿಲ್ಲ, ನಿಜ. ಆದ್ರೆ ಹಾಲು ತರೋಕೆ ಹೊರಟ್ರೂ ಎಲ್ಲಿಗೆ, ಯಾಕೆ, ಯಾರ ಜೊತೆ, ಇಷ್ಟು ಹೊತ್ತು ಯಾಕಾಯ್ತು. ಇಪ್ಪತ್ತು ವರ್ಷ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಕೊಟ್ಟವಳು ನೀನು. ಅಂಥಾದ್ರಲ್ಲಿ ಮೊನ್ನೆ 'ಹೋಗಿಬಿಡ್ತೀನಣ್ಣ, ಎಲ್ಲಿದ್ರೂ ಇನ್ನೊಬ್ಬರ ಮನೆ ತಾನೆ' ಅಂದೆಯಲ್ಲ, ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ನನ್ನ ಬಾಯಿಂದ, ಗುಬ್ಬಿ! ಲೈನ್ ಕಟ್ಟಾಯ್ತು ಅಂತ ನೀನೇ ಹಲೋ ಹಲೋ ಅಂದೆ.

ಅದಕ್ಕೇ ಈಗ ನಿಧಾನವಾಗಿ ಹೇಳ್ತೀನಿ. ಸ್ವಲ್ಪ ಸುತ್ತಿ ಬಳಸಿ ಹೇಳ್ತೀನಿ, ಬೈಕೋಬೇಡ, ನೇರ ದಾರಿ ನನಗೆ ಯಾವತ್ತೂ ಒಗ್ಗಿಲ್ಲ. ನಮ್ಮ ಅಂಗಡೀಲಿ ಶನಿವಾರ ಸಾಯಂಕಾಲ ಕಥೆ ನಡೀತಿದೆ ಅಂತ ಹೇಳಿದ್ನಲ್ಲ? ಮೇಷ್ಟ್ರು ಓದ್ತಾರೆ. ಕಣ್ಣಿನ ಆಪರೇಷನ್ ಆದ ಮೇಲೆ ಅವರಿಗೆ ಎಲ್ಲಾ ಅಕ್ಷರಾನೂ ಹೊಸದಾಗಿ ಕಾಣಿಸ್ತಿದೆಯಂತೆ, ಯಾರಿಗಾದ್ರೂ ಓದಿ ಹೇಳದಿದ್ರೆ ತಡೆಯೋಕಾಗಲ್ಲವಂತೆ. ಇಲ್ಲೇ ಯಾಕೆ ಅಂದ್ರೆ, ಇಡೀ ಬೀದೀಲಿ ಇಷ್ಟು ಸೋಫಾ ಇನ್ನೆಲ್ಲಿದೆ ಹೇಳು? ಒಂದಕ್ಕೆ ಕೈ ಇಲ್ಲ, ಒಂದಕ್ಕೆ ಬೆನ್ನಿಲ್ಲ, ಇನ್ನೊಂದರ ಸ್ಪ್ರಿಂಗು ಹೊರಗೆ ಬಂದಿದೆ, ಆದ್ರೂ ಜನ ಆರಾಮಾಗಿ ಕೂರ್ತಾರೆ. ಈ ಸಲ ಮೇಷ್ಟ್ರು ಹಿಡಿದಿದ್ದು ಕೃಷ್ಣನ ಮದುವೆಗಳನ್ನ. ವಾರಕ್ಕೊಬ್ಬ ರಾಣಿ. ಓದಿ ಆದ ಮೇಲೆ ಕನ್ನಡಕ ತೆಗೆದು 'ಇದರಿಂದ ನಮಗೇನು?' ಅಂತಾರೆ. ಪಕ್ಕದ ಕಟಿಂಗ್ ಅಂಗಡಿಯವನಿಗೆ ಅಷ್ಟೇ ಸಾಕು. ಮೊದಲನೇ ವಾರವೇ ಶುರು ಹಚ್ಕೊಂಡ, 'ಮೇಷ್ಟ್ರೇ, ನಾನು ಒಬ್ಬಳನ್ನ ಕಟ್ಕೊಂಡಿದ್ದಕ್ಕೇ ತಲೆ ಬೋಳಾಯ್ತು, ಅದೂ ಕ್ಷೌರದವನ ತಲೆ. ಆ ಪುಣ್ಯಾತ್ಮನಿಗೆ ನವಿಲುಗರಿ ಸಿಕ್ಕಿಸ್ಕೊಳ್ಳೋಷ್ಟು ಕೂದಲು ಹೇಗೆ ಉಳೀತು?' ಅಂತ. ನಿಮ್ಮತ್ತಿಗೆ ಮಷೀನ್ ನಿಲ್ಲಿಸಿ, 'ನಿಮ್ಮ ಕೂದಲು ಹೋಗಿದ್ದು ನಿಮ್ಮ ಅಂಗಡಿ ಎಣ್ಣೆಯಿಂದ, ಪಾಪ ಅವಳ ತಂಟೆಗೆ ಹೋಗಬೇಡಿ' ಅಂದ್ಲು. ಆಮೇಲೆ ಕಾಲು ಗಂಟೆ ಕಥೆ ಮುಂದಕ್ಕೆ ಹೋಗಲಿಲ್ಲ.

ರುಕ್ಮಿಣಿ ಕಥೇಲಿ ಮೇಷ್ಟ್ರು ಹೇಳಿದ್ದು ಚೆನ್ನಾಗಿತ್ತು. ಮನೆಯವರೆಲ್ಲ ಸೇರಿ ಬೇರೆ ಕಡೆ ನಿಶ್ಚಯ ಮಾಡಿದಾಗ ಅವಳು ಅಳ್ತಾ ಕೂರಲಿಲ್ಲ, ತಾನೇ ಕಾಗದ ಬರೆದು ಕಳಿಸಿದಳು, ಬಾ ಅಂತ. ಜೀವ ಮೊದಲು ಬಾಯಿಬಿಟ್ಟು ಕೇಳಬೇಕು, ಕೇಳಿದ ಮೇಲೆ ದೇವರು ಒಂದು ಗಳಿಗೆ ತಡ ಮಾಡಲ್ಲ ಅಂದ್ರು. ಜಾಂಬವತಿ ವಾರ ಅವಳಪ್ಪನ ಬಗ್ಗೆಯೇ ಜಾಸ್ತಿ ಮಾತಾಯ್ತು. ಆ ಮುದಿ ಕರಡಿ ಗುಹೇಲಿ ಕೂತು ಜೀವಮಾನವೆಲ್ಲ ಧ್ಯಾನ ಮಾಡಿದ್ದು ಯಾರನ್ನೋ, ಕೊನೆಗೆ ಬಾಗಿಲಿಗೆ ಬಂದಾಗ ಗುರುತೇ ಸಿಗದೆ ಗುದ್ದಾಡಿದ್ದೂ ಅವನ ಜೊತೆಗೇ. ಮೈ ಕೈ ನುಗ್ಗಾದ ಮೇಲೆ ಗೊತ್ತಾಯ್ತಂತೆ, ಓಹೋ ಇವನೇ ಅಂತ. ಸತ್ಯಭಾಮೆ ಕಥೆ ನಿನಗೆ ಗೊತ್ತೇ ಇದೆ, ತಕ್ಕಡೀಲಿ ತನ್ನ ಒಡವೆಯೆಲ್ಲ ಸುರಿದ್ರೂ ಗಂಡ ಮೇಲೇಳಲಿಲ್ಲ, ರುಕ್ಮಿಣಿ ಇಟ್ಟ ಒಂದು ತುಳಸಿ ಎಲೆಗೆ ಎದ್ದ. 'ನನ್ನದು ಅಂತ ಹಿಡ್ಕೊಂಡಷ್ಟೂ ಅವನು ಭಾರ, ನಿನ್ನದು ಅಂತ ಕೊಟ್ಟರೆ ಹಗುರ' ಅಂದ್ರು ಮೇಷ್ಟ್ರು. ನಿಮ್ಮತ್ತಿಗೆಗೆ ಆ ಅರ್ಥ ಪೂರ್ತಿ ಹಿಡಿಸಲಿಲ್ಲ. 'ಸತ್ಯಭಾಮೆ ಕೇಳಿದ್ದು ಏನು? ಗಂಡ ತನ್ನ ಕಡೆ ಸ್ವಲ್ಪ ತಿರುಗಿ ನೋಡಲಿ ಅಂತ. ಅದು ಅಷ್ಟು ದೊಡ್ಡ ತಪ್ಪಾ?' ಅಂದ್ಲು. ಮೇಷ್ಟ್ರು ನಕ್ಕು, 'ತಪ್ಪಲ್ಲಮ್ಮ. ಅದಕ್ಕೇ ತಾನೆ ಅವನು ಅವಳಿಗೋಸ್ಕರ ಪಾರಿಜಾತದ ಮರವನ್ನೇ ಕಿತ್ತು ತಂದದ್ದು' ಅಂದ್ರು. ಇಬ್ಬರಿಗೂ ಸಮಾಧಾನ ಆಯ್ತು.

ಈಗ ನೀನು ನಗ್ತಿರ್ತೀಯ, ನನಗೆ ಗೊತ್ತು. ಚಿಕ್ಕವಳಿದ್ದಾಗಲೇ ನಿನಗೆ ಈ ಕಥೆ ಕಂಡ್ರೆ ಮೂಗಿನ ತುದೀಲಿ ಕೋಪ. ಅಪ್ಪ ಹೇಳೋಕೆ ಶುರು ಮಾಡಿದ್ರೆ 'ಗಂಡಸರಿಗೆ ಒಳ್ಳೇ ನೆಪ ಸಿಕ್ತು' ಅಂತ ದೊಡ್ಡವರ ಹಾಗೆ ಸೊಂಟದ ಮೇಲೆ ಕೈಯಿಟ್ಕೊಂಡು ಎದ್ದು ಹೋಗ್ತಿದ್ದೆ. ಅಪ್ಪ ಪಾಪ ಕಥೆ ಅಲ್ಲಿಗೇ ನಿಲ್ಲಿಸಿ ನಿನ್ನನ್ನ ರಮಿಸೋಕೆ ಬರ್ತಿದ್ರು. ಹಾಗಾಗಿ ಹದಿನಾರು ಸಾವಿರದ ಕಥೆ ನೀನೂ ಪೂರ್ತಿ ಕೇಳಿಲ್ಲ, ನಿನ್ನಿಂದಾಗಿ ನಾನೂ ಕೇಳಿರಲಿಲ್ಲ. ನಿನ್ನೆಯಲ್ಲ, ಅದರ ಹಿಂದಿನ ಶನಿವಾರ ಕೇಳಿದೆ. ಒಬ್ಬ ರಾಕ್ಷಸ ಅಷ್ಟೂ ಹೆಣ್ಣುಮಕ್ಕಳನ್ನ ಹೊತ್ಕೊಂಡು ಹೋಗಿ ಕೂಡಿಹಾಕಿರ್ತಾನೆ. ಕೃಷ್ಣ ಅವನನ್ನ ಕೊಂದು ಸೆರೆಮನೆ ತೆಗೀತಾನೆ. ನಾನು ಕಥೆ ಅಲ್ಲಿಗೆ ಮುಗೀತು ಅಂದ್ಕೊಂಡು ಚಪ್ಪಲಿ ಹುಡುಕ್ತಿದ್ದೆ. ಮೇಷ್ಟ್ರು, 'ಕಥೆ ಶುರುವಾಗೋದೇ ಇಲ್ಲಿ' ಅಂದ್ರು. ಬಾಗಿಲು ತೆಗೆದಿದೆ, ಆದ್ರೆ ಹೆಣ್ಣುಮಕ್ಕಳು ನಿಂತಲ್ಲೇ ನಿಂತಿದಾರಂತೆ. ಹೋಗೋದೆಲ್ಲಿಗೆ? ಇನ್ನೊಬ್ಬರ ಮನೇಲಿದ್ದು ಬಂದವರು ಅಂತ ತವರಿನವರು ಒಳಗೆ ಸೇರಿಸಲ್ಲ. ಸೇರಿಸಿದ್ರೂ ಇರೋವರೆಗೂ ತಲೆ ತಗ್ಗಿಸ್ಕೊಂಡೇ ಇರಬೇಕು. ಅವರು ಕೃಷ್ಣನ ಮುಖ ನೋಡಿದ್ರು, ಮನಸ್ಸಿನಲ್ಲೇ ಇವನೇ ನಮ್ಮವನು ಅಂದ್ಕೊಂಡ್ರು. ಅವನು ಹೂಂ ಅಂದ.

ಆಮೇಲೆ ಅವನು ಮಾಡಿದ್ದೇನು ಗೊತ್ತಾ? ಎಲ್ಲರನ್ನೂ ಒಂದು ದೊಡ್ಡ ಛತ್ರದಲ್ಲಿ ಇಡಲಿಲ್ಲ. ಒಬ್ಬೊಬ್ಬಳಿಗೂ ಒಂದು ಮನೆ. ಬೇರೆ ಬೇರೆ ಮನೆ, ಬೇರೆ ಬೇರೆ ಬಾಗಿಲು. ಒಂದೇ ಮುಹೂರ್ತದಲ್ಲಿ ಅಷ್ಟೂ ಮನೆಗೆ ತಾನೇ ಅಷ್ಟು ರೂಪದಲ್ಲಿ ಹೋದ. ನಾರದ ಪರೀಕ್ಷೆ ಮಾಡೋಕೆ ಬಂದ್ನಂತೆ. ಒಂದು ಮನೇಲಿ ಪಗಡೆ ಆಡ್ತಿದಾನೆ, ಇನ್ನೊಂದರಲ್ಲಿ ಮಗುವಿಗೆ ತುತ್ತು ಕೊಡ್ತಿದಾನೆ, ಮತ್ತೊಂದರಲ್ಲಿ ಸ್ನಾನಕ್ಕೆ ಹೊರಟಿದಾನೆ. ಯಾವ ಬಾಗಿಲು ತಟ್ಟಿದ್ರೂ ಅವನೇ ಎದ್ದು ಬಂದು 'ಬನ್ನಿ ಬನ್ನಿ, ಯಾವಾಗ ಬಂದ್ರಿ?' ಅಂತಾನೆ. ಕಟಿಂಗ್ ಅಂಗಡಿಯವನಿಗೆ ಇಲ್ಲೂ ಒಂದು ಅನುಮಾನ, 'ಅಷ್ಟು ಮನೆ ಕರೆಂಟ್ ಬಿಲ್?' ಮೇಷ್ಟ್ರು ಅವನ ಕಡೆ ತಿರುಗಲೂ ಇಲ್ಲ. 'ಆ ಹದಿನಾರು ಸಾವಿರ ಅಂದ್ರೆ ನಮ್ಮೊಳಗಿನ ನಾಡಿಗಳು ಅಂತಾರೆ ಕೆಲವರು, ವೇದದ ಋಕ್ಕುಗಳು ಅಂತಾರೆ ಇನ್ನು ಕೆಲವರು. ನನಗೆ ತಿಳಿದಷ್ಟು ಇಷ್ಟೇ. ದೇವರು ಯಾರ ಹತ್ತಿರವೂ ಅರ್ಧ ಇರಲ್ಲ. ಪ್ರತಿಯೊಬ್ಬಳಿಗೂ ಅವನು ಪೂರ್ತಿ. ನೀನು ಗುಂಪಿನಲ್ಲಿ ಒಬ್ಬಳು ಅಂತ ಅವನು ಯಾರಿಗೂ ಅನ್ನಿಸೋಕೆ ಬಿಡಲಿಲ್ಲ' ಅಂದ್ರು. ಯಾರೋ ಅಲ್ಲಾಡಿದಾಗ ಒಂದು ಹಳೇ ಸ್ಪ್ರಿಂಗು ಕಿರ್ ಅಂತು, ಅಷ್ಟೇ.

ಎಲ್ಲರೂ ಹೋದ ಮೇಲೆ ನಾನು ದಿಂಬು ಜೋಡಿಸ್ತಾ, ನನ್ನ ಪಾಡಿಗೆ ನಾನು, 'ನಾವೂ ಗುಬ್ಬಿಗೆ ಬಾ ಅಂದ್ವಿ, ಹಾಲ್‌ನಲ್ಲಿ ಮಂಚ ಹಾಕ್ತೀವಿ ಅಂದ್ವಿ, ಅವಳೇ ಒಪ್ಪಲಿಲ್ಲ' ಅಂದೆ. ನಿಮ್ಮತ್ತಿಗೆ ಕತ್ತರಿ ಕೆಳಗಿಟ್ಟು ನನ್ನ ಮುಖ ನೋಡಿದ್ಲು. ಆ ನೋಟ ನಿನಗೂ ಗೊತ್ತು. 'ರೀ, ಇಷ್ಟು ಹೊತ್ತು ಏನು ಕೇಳಿದ್ರಿ ನೀವು? ಹಾಲ್‌ನಲ್ಲಿ ಮಂಚ! ಅವನು ದೇವರು, ಅವನೇ ಯಾರಿಗೂ ಹಾಲ್‌ನಲ್ಲಿ ಮಂಚ ಹಾಕಲಿಲ್ಲ' ಅಂದ್ಲು. ನಾನು ಸೋಲಲಿಲ್ಲ, 'ಹಾಗಾದ್ರೆ ಸಾಮಾನಿನ ಕೋಣೆ ಖಾಲಿ ಮಾಡೋಣ, ಫೋಮು, ನಾರು ಎಲ್ಲ ಅಟ್ಟದ ಮೇಲೆ ಹಾಕಿದ್ರಾಯ್ತು, ಅಲ್ಲಿ ಕಿಟಕಿ ಇದೆ, ನಲ್ಲಿ ಇದೆ, ಪಕ್ಕಕ್ಕೇ ಬಚ್ಚಲು' ಅಂದೆ. ಅದಕ್ಕೆ ಅವಳೇನಂದ್ಲು ಹೇಳ್ತೀನಿ, ಹಾಗೇ ಹೇಳ್ತೀನಿ ಕೇಳು. 'ಆ ಕೋಣೆಗೆ ಇರೋದು ಒಂದೇ ಬಾಗಿಲು, ಅದೂ ನಮ್ಮ ಹಾಲ್‌ಗೆ. ಅವಳು ಹೊರಗೆ ಹೋಗಬೇಕಾದ್ರೂ ಒಳಗೆ ಬರಬೇಕಾದ್ರೂ ನಿಮ್ಮ ಮುಂದೇನೇ ಹಾಯಬೇಕು. ನೀವು ಸುಮ್ಮನಿರ್ತೀರಾ? ಎಲ್ಲಿಗಮ್ಮ ಅಂತೀರಿ. ಯಾಕಮ್ಮ ಇಷ್ಟು ಹೊತ್ತಾಯ್ತು ಅಂತೀರಿ. ಪ್ರೀತಿಯಿಂದಲೇ ಅಂತೀರಿ. ಅವಳ ಕಿವಿಗೆ ಪ್ರೀತಿ ಬೇರೆ, ಪ್ರಶ್ನೆ ಬೇರೆ ಅಂತ ಕೇಳಿಸೋಕೆ ಇನ್ನೂ ಎಷ್ಟು ವರ್ಷ ಬೇಕೋ.'

ಹೌದಲ್ವಾ ಅನ್ನಿಸ್ತು. ನಾನು ಒಬ್ಬನೇ ಒಬ್ಬ ಮನುಷ್ಯ, ಒಂದೇ ದಿನ ಇಬ್ಬರು ಗಿರಾಕಿಗಳ ಮನೆಗೆ ಹೋಗೋಕಾಗಲ್ಲ ನನಗೆ. ಅವನ ಹಾಗೆ ಮನೆಗೊಂದು ರೂಪ ಎಲ್ಲಿಂದ ತರಲಿ? ಆದ್ರೆ ಆ ಹದಿನಾರು ಸಾವಿರ ಬಾಗಿಲಲ್ಲಿ ಒಂದನ್ನ ಮಾಡೋದು ನನ್ನ ಕೈಲೂ ಆಗುತ್ತೆ. ಅದಕ್ಕೆ ದೇವರಾಗಬೇಕಿಲ್ಲ, ಸ್ವಲ್ಪ ಇಟ್ಟಿಗೆ ಒಡೆದ್ರೆ ಸಾಕು.

ಒಡೆದ್ವಿ ಗುಬ್ಬಿ. ಸಾಮಾನಿನ ಕೋಣೆಯ ಆಚೆ ಗೋಡೆ, ಪಕ್ಕದ ಓಣಿ ಕಡೆಗೆ. ಸೋಮವಾರ ಶುರು ಮಾಡಿದ್ದು, ಮನೆಯೆಲ್ಲ ಧೂಳು, ಗಿರಾಕಿಯ ಬಿಳೀ ಸೋಫಾ ಬೂದಿ ಬಣ್ಣ ಆಗಿ ಅವರ ಹತ್ತಿರ ಬೈಸ್ಕೊಂಡೆ. ಹಾಲ್ ಕಡೆ ಬಾಗಿಲಿಗೆ ಇನ್ನು ಮೇಲೆ ಚಿಲಕ ನಿನ್ನ ಕಡೆಯಿಂದ, ನಮ್ಮ ಕಡೆ ಇದ್ದಿದ್ದನ್ನ ನಿಮ್ಮತ್ತಿಗೆ ಬಿಚ್ಚಿಸಿ ಹಾಕಿದ್ಲು. ಒಂದು ಸಣ್ಣ ಅಡುಗೆ ಕಟ್ಟೆ ಕಟ್ಟಿಸಿದೀವಿ. ಹಾಸಿಗೆ ಮಾತ್ರ ನಾನೇ ಮಾಡಿದೀನಿ, ನಿನ್ನ ಸೊಂಟ ಲೆಕ್ಕ ಹಾಕಿ. ಅದರ ಮೇಲೆ ನಾನೇ ಒಂದು ಮಧ್ಯಾಹ್ನ ಮಲಗಿ ನೋಡಿದೆ, ಪರೀಕ್ಷೆಗೆ. ಎದ್ದಾಗ ಸಾಯಂಕಾಲ ಆಗಿತ್ತು. ಮೊನ್ನೆ ಫೋನಲ್ಲೇ ಇದೆಲ್ಲ ಬಾಯ್ತುದಿಗೆ ಬಂದಿತ್ತು, ಆದ್ರೆ 'ಮುಗಿಯೋವರೆಗೂ ಹೇಳಬೇಡಿ, ನೀವು ಹೇಳ್ಕೊಂಡ ಕೆಲಸ ಯಾವುದೂ ಮುಗಿದಿಲ್ಲ' ಅಂತ ಇವಳು ಮೊದಲೇ ಬಾಯಿಗೆ ಬೀಗ ಹಾಕಿದ್ಲು. ಬಲವಂತ ಇಲ್ಲಮ್ಮ. ನೀನು ಭಾವನ ಅಣ್ಣನ ಜೊತೆ ಹೋಗ್ತೀನಿ ಅಂದ್ರೆ ನಾನು ಅಡ್ಡ ಬರಲ್ಲ, ಮುಖ ಊದಿಸ್ಕೊಳ್ಳಲ್ಲ. ಹಾಸ್ಟೆಲ್ಲೇ ಸರಿ ಅಂದ್ರೆ ಹಾಸಿಗೆ ಅಲ್ಲಿಗೇ ಕಳಿಸ್ತೀನಿ. ಬರೋದಾದ್ರೆ ನೆಂಟಳ ಹಾಗೆ ಬರಬೇಡ, ಬಾಡಿಗೆ ಕೊಡ್ತೀನಿ ಅಂದ್ರೂ ತಗೋತೀವಿ, ಜಗಳ ಮಾಡ್ತೀನಿ ಅಂದ್ರೂ ಮಾಡ್ತೀವಿ. ನೀನು ಬರಲಿಲ್ಲ ಅಂದ್ರೆ ಆ ಕೋಣೆ ಏನ್ಮಾಡೋದು ಅಂತ ಇವಳನ್ನ ಕೇಳಿದೆ. 'ನಾನೇ ಹೋಗಿ ಇರ್ತೀನಿ' ಅಂದ್ಲು. ನಗಲಿಲ್ಲ ಅವಳು, ಅದಕ್ಕೇ ಸ್ವಲ್ಪ ಭಯ ನನಗೆ.

ಸರಿ ತಾಯಿ, ಇಲ್ಲಿಗೆ ಸಾಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲೇ ಇದ್ರೂ ತಲೆ ಎತ್ಕೊಂಡು ಇರು, ನೂರು ಕಾಲ ಚೆನ್ನಾಗಿರು. ನಿಮ್ಮತ್ತಿಗೆ ನಿನ್ನ ಕೇಳಿದೆ ಅಂತ ಹೇಳು ಅಂದ್ಲು. ಇಂತಿ ನಿನ್ನ ವಾಚಾಳಿ ಅಣ್ಣ.

ಅಯ್ಯೋ ಇರು ಇರು, ಯಾವುದಕ್ಕೆ ಮಾಡಿದ್ನೋ ಅದನ್ನೇ ಹೇಳಲಿಲ್ಲ. ಬಡಗಿ ಬಂದಿದಾನೆ, ಹೊಸ ಬಾಗಿಲು ಕೂರಿಸೋಕೆ. ಕೀಲು ಎಡಗಡೆ ಹಾಕಲಾ ಬಲಗಡೆ ಹಾಕಲಾ ಅಂತ ಕೇಳ್ತಿದಾನೆ. ನೀನು ಎಡಗೈಯವಳು, ಇಷ್ಟು ವರ್ಷ ಬಲಗೈಯವರ ಬಾಗಿಲು ತೆಗೆದೂ ತೆಗೆದೂ ಸಾಕಾಗಿರುತ್ತೆ, ಹೀಗೇ ಹಾಕು ಅಂತ ನಾನು ಹೇಳೋಕೆ ಹೋದೆ. ನಿಮ್ಮತ್ತಿಗೆ ಕೈ ಹಿಡಿದು ಎಳೆದ್ಲು, 'ನೀವು ಹೇಳಬೇಡಿ, ಅವಳನ್ನ ಕೇಳಿ' ಅಂತ. ಅದಕ್ಕೆ ಕೇಳ್ತಿದೀನಿ. ಯಾವ ಕಡೆಗೆ ತೆರೀಬೇಕು ಹೇಳು. ಯೋಚನೆ ಮಾಡೇ ಹೇಳು, ಅವಸರ ಇಲ್ಲ. ಅವನಿಗೆ ಟೀ ಕೊಟ್ಟು ಕೂರಿಸಿದೀನಿ. ನೀನು ಹೇಳೋವರೆಗೂ ಅವನು ಒಂದು ಮೊಳೆ ಹೊಡೆಯಲ್ಲ, ನಾನು... ಹಾಂ, ಬಂದೇ ಕಣೇ! ಮಾತಾಡ್ತಿಲ್ಲ, ಕೇಳ್ತಿದೀನಿ! ಗುಬ್ಬಿ, ಇವಳು ಕರೀತಿದಾಳೆ, ಇಡ್ತೀನಿ.