ಬಸ್ಮಾಳ ಇನ್ನೊಂದು ಬೂಟು

ರಾಫತ್,

ನೀನು ಬಿಟ್ಟುಹೋದ ಬೂದು ಕಾರನ್ನು ಕೊಳ್ಳಲು ಬೆಳಿಗ್ಗೆ ಮೇಲಿನ ಮನೆಯ ಲುತ್ಫಿ ಬಂದಿದ್ದ. ಶುಬ್ರಾದ ಗಲ್ಲಿಗಳಲ್ಲೆಲ್ಲ ಓಡಿಸಿ, "ಅಂದಚೆಂದ ಏನಿಲ್ಲ ಅಕ್ಕಾ, ಆದ್ರೆ ಕೈಕೊಡೋ ಗಾಡಿ ಅಲ್ಲ," ಎಂದ. ಕೊಡಲು ಒಪ್ಪಿದ್ದೆ.

ದೃಷ್ಟಿ ತಾಗದಿರಲೆಂದು ನೀನು ಕಾರಿನ ಹಿಂಬದಿಗೆ ಕಟ್ಟಿದ್ದ ನಮ್ಮ ಬಸ್ಮಾಳ ಪುಟ್ಟ ಬೂಟನ್ನು ಅವನು ಬಿಚ್ಚಿಕೊಟ್ಟ. "ಇಟ್ಕೊಳ್ಳಿ. ಇದನ್ನ ನೋಡಿ ಯಾರು ಹೊಟ್ಟೆ ಉರ್ಕೋತಾರೆ?"

ಅದರ ಜೋಡಿಯನ್ನು, ಮನೆ ಬಿಡುವಾಗ, ಮಗಳ ನೆನಪಿಗೆಂದು ನೀನು ಬೇಡಿ ಒಯ್ದಿದ್ದೆ. ನಿನ್ನೆ ಅದು ನಿನ್ನ ಹೊಸ ಕೆಂಪು ಕಾರಿನ ಹಿಂದೆ ತೂಗುತ್ತಿತ್ತು. ಒಳಗೆ ನಿನ್ನ ನಶ್ವಾ ಕನ್ನಡಿ ನೋಡಿಕೊಂಡು ತುಟಿಗೆ ಬಣ್ಣ ಹಚ್ಚುತ್ತಿದ್ದಳು.

"ನಮ್ಮನ್ನ ನೋಡಿಯೂ ಹೊಟ್ಟೆ ಉರ್ಕೊಂಡವರಿದ್ರು. ಮಾರಲ್ಲ, ಹೋಗಪ್ಪ," ಎಂದು ಲುತ್ಫಿಯನ್ನು ಕಳಿಸಿ, ಬೂಟನ್ನು ಮತ್ತೆ ಕಟ್ಟಿದೆ.

ನಿನ್ನ ಬೂಟು ಯಾರ ಕಣ್ಣಿಗೆ ಹೆದರಿ ಕಟ್ಟಿದ್ದೆಂದು ನನಗೆ ಗೊತ್ತು. ನಿನ್ನೆ ನಾನು ಕಣ್ತುಂಬ ನೋಡಿಯೇ ಬಂದಿದ್ದೇನೆ.