ಒದ್ದೆ ಗೋಣಿಯ ಗಡಿಗೆ

೪-೩-೭೯, ಭಾನುವಾರ

ಗಡಿಗೆಯ ಗೋಣಿಗೆ ಎರಡನೇ ಸಲ ನೀರು ಹೊಡೆದೆ. ಕೆಳಗಿನ ಉಸುಕೂ ಒಣಗಿತ್ತು — ಅದಕ್ಕೂ ಹೊಡೆದೆ. ಉಪಾಯ ಇಷ್ಟೇ: ಗಡಿಗೆ ಹೊಸದಿರಬೇಕು, ಗಾಳಿ ಹಾಯುವ ಬಾಗಿಲ ಮಗ್ಗುಲಲ್ಲಿ ಇಡಬೇಕು, ಗೋಣಿ ಒಣಗಲು ಬಿಡಬಾರದು. ರಾಯಚೂರಿನ ಬಿಸಿಲಿಗೆ ಇದಕ್ಕಿಂತ ದೊಡ್ಡ ಔಷಧ ನಾನು ಕಂಡಿಲ್ಲ.

ಬೆಳಿಗ್ಗೆ ದೇವದುರ್ಗಕ್ಕೆ, ತಮ್ಮ ಬೂದೆಪ್ಪನಿಗೆ ಇದನ್ನೇ ಬರೆದು ಕಾರ್ಡು ಹಾಕಿದೆ. ಕಾರ್ಡಿನಲ್ಲಿ ಜಾಗ ಉಳಿದರೆ ಒಂದು ಉಪಾಯ ಬರೆಯುವುದು ನನ್ನ ಚಟ. ಜಾಗ ಯಾವಾಗಲೂ ಉಳಿಯುತ್ತದೆ. ಒಬ್ಬನೇ ಇರುವವನಿಗೆ ಬೇರೆ ಸುದ್ದಿ ಎಷ್ಟಿರುತ್ತದೆ? ಉಪ್ಪಿನಲ್ಲಿ ನಾಲ್ಕು ಅಕ್ಕಿಕಾಳು ಹಾಕು, ನೀರೊಡೆಯುವುದಿಲ್ಲ. ಕಂದೀಲಿನ ಗಾಜಿಗೆ ಬೂದಿ ಹಚ್ಚಿ ಪೇಪರಿನಿಂದ ಒರೆಸು. ಜೋಳದಲ್ಲಿ ಬೇವಿನ ಎಲೆ ಒಣಗಿಸಿ ಇಡು, ಹಸಿಯದು ಬೇಡ... ಅವನು ಒಂದಕ್ಕೂ ಉತ್ತರ ಬರೆದಿಲ್ಲ. ಶಾಲೆಗೆ ಹೋದವನು ಅವನು. ನಾನು ಕುರಿ ಕಾಯ್ದು, ಆಮೇಲೆ ಹತ್ತಿ ಮಿಲ್ಲಿನ ಗೇಟಿನಲ್ಲಿ ಕಾವಲು ಕೂತು, ಚುರುಮುರಿ ಕಟ್ಟಿಕೊಟ್ಟ ಕಾಗದ ಓದಿ ಅಕ್ಷರ ಕಲಿತವನು. ಬರೆಯುವ ಚಪಲ ನನ್ನದೇ.

ಹೆಂಡತಿ ಭೀಮವ್ವ ತೀರಿಹೋದಮೇಲೆ ಇದು ಎರಡನೇ ಬೇಸಿಗೆ. ಅವಳಿದ್ದಾಗ ಈ ಮನೆಯಲ್ಲಿ ಉಪ್ಪು ಯಾಕೆ ನೀರೊಡೆಯುತ್ತಿರಲಿಲ್ಲ ಎಂದು ಕೇಳಿದವನೇ ಅಲ್ಲ.

೯-೩-೭೯, ಶುಕ್ರವಾರ

ಕನಕಮ್ಮನಿಗೆ ದಿನ ಹತ್ತಿರ ಬಂತು. ಒಬ್ಬಳೇ ಮಗಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದು ಪದ್ಧತಿ. ಆದರೆ ಈ ತವರಿನಲ್ಲಿ ಇರುವವನು ನಾನೊಬ್ಬ ಗಂಡಸು. ಪೋತ್ನಾಳದಿಂದ ಅವಳ ಅತ್ತೆ ಕರೆಮ್ಮ ಮನೆ ನೋಡಲು ಬರುತ್ತಾರಂತೆ. ಮನಸ್ಸಿಗೆ ಬಂದರೆ ಮಗಳನ್ನು ಕಳಿಸುತ್ತಾರೆ. ಬೂದೆಪ್ಪ ಸಿಕ್ಕಾಗ, ಸುಮ್ಮನೆ ಅವರ ಮನೆಯಲ್ಲೇ ಆಗಲಿ ಬಿಡು ಎಂದಿದ್ದ. ಬಿಡಲು ಮನಸ್ಸಿಲ್ಲ. ಈ ಮನೆಯಲ್ಲಿ ಇನ್ನೊಂದು ಉಸಿರಿನ ಸದ್ದು ಕೇಳಿ ಎಷ್ಟು ಕಾಲವಾಯಿತು.

ರೊಟ್ಟಿ ಕಲಿಯುತ್ತಿದ್ದೇನೆ. ಕುದಿಯುವ ನೀರು ಹಾಕಿ ನಾದಿದರೆ ಅಂಚು ಬಿರಿಯುವುದಿಲ್ಲ — ಗೋಡೆಯಾಚೆಯ ಕುಬ್ರಾ ಬೇಗಂ ಹೇಳಿಕೊಟ್ಟದ್ದು. ನನ್ನ ಮೊದಲ ರೊಟ್ಟಿ ನೋಡಿ, “ಇದು ರೊಟ್ಟಿ ಅಲ್ಲ ಅಂಬಣ್ಣಾ, ಜಿಲ್ಲಾದ ನಕಾಶಾ ಅದ” ಎಂದಿದ್ದರು. ಇವತ್ತಿನದು ನೋಡಿ, ಈಗ ಮಾನ್ವಿ ತಾಲೂಕಿಗೆ ಬಂದಿದೆ ಎಂದರು. ಸುಧಾರಣೆ.

ಅಪ್ಪನ ಕಂಬಳಿ ಬಿಸಿಲಿಗೆ ಹಾಕಿದೆ. ನಮ್ಮ ಕುರಿಗಳದೇ ಉಣ್ಣೆ. ಕೂಸನ್ನು ಮೊದಲು ಅದರ ಮೇಲೇ ಮಲಗಿಸಬೇಕು. ಬಾಣಂತಿಗೆಂದು ಇಟ್ಟ ಒಳಖೋಲಿಯ ಕಿಟಕಿಗೆ ದಪ್ಪ ಗೋಣಿ ಕಟ್ಟಿ ಮೂರು ಹೊತ್ತೂ ನೀರು ಹೊಡೆಯುತ್ತಿದ್ದೇನೆ. ನೆಲಕ್ಕೆ ಸಗಣಿ ಸಾರಿಸಿದೆ. ಖೋಲಿ ಗುಡಿಯ ಒಳಗಿನಂತೆ ತಣ್ಣಗಿದೆ. ಮಗಳು ಬಿಸಿಲಿಗೆ ಬೇಯಬಾರದು.

೧೮-೩-೭೯, ಸಂಜೆ

ಕರೆಮ್ಮ ಬಂದು ಹೋದರು.

ಹನ್ನೊಂದರ ಬಸ್ಸಿಗೆ ಇಳಿದು, ಬಿಸಿಲಲ್ಲಿ ನಡೆದೇ ಬಂದಿದ್ದರು. ಗಡಿಗೆಯ ನೀರು ಕೊಟ್ಟೆ. ಒಂದು ತಂಬಿಗೆ ಕುಡಿದು, ಕಣ್ಣು ಮುಚ್ಚಿ, ಇನ್ನೊಂದು ಕೇಳಿ ಕುಡಿದರು. ನನ್ನ ಎದೆ ಉಬ್ಬಿತು. ರೊಟ್ಟಿ ಉಂಡರು, ಕಂಬಳಿ ಮೂಸಿ ನೋಡಿದರು, ಡಬ್ಬಿಗಳ ಮುಚ್ಚಳ ತೆಗೆದರು. ಎಲ್ಲದಕ್ಕೂ ತಲೆಯಾಡಿಸಿದರು. ಕೊನೆಗೆ ಒಳಖೋಲಿಗೆ ಹೋಗಿ ನೆಲಕ್ಕೆ ಅಂಗೈ ಇಟ್ಟರು. ಒದ್ದೆ ಗೋಣಿಯನ್ನು ಮುಟ್ಟಿದರು.

“ಬೀಗರ, ಮನಿ ಚೊಲೊ ಇಟ್ಟೀರಿ. ಆದ್ರ ಇದು ಬಾಣಂತಿ ಮನಿ ಅಲ್ಲ. ಬಾಣಂತಿ ಖೋಲ್ಯಾಗ ಕಾಲಿಟ್ರ ಬೆವರು ಒಡೀಬೇಕು. ಇಲ್ಲಿ ಕೂಸಿಗೆ ಮೊದಲ ದಿನಾನ ಸೀತ ಆಗ್ತದ.”

ಗೋಣಿ ಈಗಲೇ ಕಿತ್ತು ಹಾಕುತ್ತೇನೆ, ಕೆಂಡ ಇಡುತ್ತೇನೆ ಎಂದೆ. ಎದ್ದು ಕಿಟಕಿಗೆ ಕೈ ಹಾಕಿಯೂ ಬಿಟ್ಟೆ.

ಅವರು ನಕ್ಕರು. ಕೆಟ್ಟ ನಗು ಅಲ್ಲ. “ಇವತ್ತ ಕಿತ್ತೀರಿ. ನಾಳಿ ಮಗಳು ‘ಯಪ್ಪಾ ಸೆಖಿ’ ಅಂದ್ರ ಮತ್ತ ಕಟ್ತೀರಿ. ನಿಮ್ಮ ಕರುಳು ನನಗ ಕಾಣ್ತದ.”

ಹಾಗೆ ಮಾಡುವವನೇ ನಾನು.

೧೯-೩-೭೯

ಕನಕಮ್ಮ ಹುಟ್ಟಿದಾಗ ಭೀಮವ್ವನ ಖೋಲಿಯ ಬಾಗಿಲು ಹಾಕಿರುತ್ತಿತ್ತು. ಗಂಡಸರು ಹೊರಗೆ. ಬಾಗಿಲ ಸಂದಿನಿಂದ ಹೊಗೆ ಬರುತ್ತಿದ್ದದ್ದಷ್ಟೇ ನೆನಪು. ಒಳಗೆ ಸೆಕೆಯೋ ತಂಪೋ ನನಗೆ ಹೇಗೆ ಗೊತ್ತಾಗಬೇಕು?

ಗೋಣಿಗೆ ನೀರು ಹೊಡೆಯಲಿಲ್ಲ.

೮-೪-೭೯, ಭಾನುವಾರ

ಯುಗಾದಿ ಹೋಯಿತು. ಬರೆಯಲು ಏನೂ ಇರಲಿಲ್ಲ.

ಇವತ್ತು ಬಸ್ಸಿನ ಕಂಡಕ್ಟರ್ ಮಿಲ್ಲಿನ ಗೇಟಿಗೆ ಬಂದು ಸುದ್ದಿ ಕೊಟ್ಟ. ಪೋತ್ನಾಳದಲ್ಲಿ ಕನಕಮ್ಮನಿಗೆ ಹೆಣ್ಣು ಕೂಸು. ಇಬ್ಬರೂ ಆರಾಮ. ಮನೆಗೆ ಬಂದು ಕಂಬಳಿ ಹಾಸಿದೆ. ಮಡಚಿದೆ. ಮತ್ತೆ ಹಾಸಿದೆ.

ಕುಬ್ರಾ ಬೇಗಂ ಮನೆಗೆ ಸಕ್ಕರೆ ಕೊಟ್ಟುಬಂದೆ. ಬೇರೆ ಯಾರಿಗೆ ಕೊಡುವುದು ತೋಚಲಿಲ್ಲ.

೧೫-೪-೭೯

ಬಾಣಂತಿಗೆ ತವರಿನಿಂದ ಅಂಟಿನುಂಡಿಯಾದರೂ ಹೋಗಬೇಕು. ಮೊನ್ನೆ ಗಂಜ್ ಪೇಟೆಯಿಂದ ತಿನ್ನುವ ಅಂಟು, ಒಣಕೊಬ್ಬರಿ, ಬೆಲ್ಲ ತಂದೆ. ಮೊದಲ ಸಲ ಅಂಟು ಮೇಲೆ ಕಪ್ಪಾಗಿ ಒಳಗೆ ಹಸಿಯಾಗೇ ಉಳಿಯಿತು. ಹಲ್ಲಿಗೆ ಹತ್ತಿ ಬಾಯೇ ತೆರೆಯಲಾಗಲಿಲ್ಲ. ಕುಬ್ರಾ ಬೇಗಂ ಬಾಗಿಲಲ್ಲಿ ನಿಂತು ಹೇಳಿಕೊಟ್ಟರು: ಮೆಣಸಿನಕಾಳಿನಷ್ಟು ಕುಟ್ಟು, ಒಂದು ದಿನ ಬಿಸಿಲಿಗಿಡು, ಸಣ್ಣ ಉರಿಯಲ್ಲಿ ಸ್ವಲ್ಪ ಸ್ವಲ್ಪವೇ ತುಪ್ಪಕ್ಕೆ ಬಿಡು. ಅರಳಿತು. ಮಲ್ಲಿಗೆ ಮೊಗ್ಗಿನ ಹಾಗೆ ಅರಳಿತು.

ಈ ಉಪಾಯವನ್ನು ಯಾರಿಗೂ ಕಾರ್ಡಿನಲ್ಲಿ ಬರೆಯುವುದಿಲ್ಲ. ಉಂಡಿಯೇ ಹೋಗಲಿ.

೨೨-೪-೭೯, ಭಾನುವಾರ

ಪೋತ್ನಾಳಕ್ಕೆ ಹೋಗಿ ಬಂದೆ.

ಬಾಗಿಲ ಹೊರಗೇ ಕೂತೆ. ಒಳಗಿನ ಝಳ ಮುಖಕ್ಕೆ ಹೊಡೆಯುತ್ತಿತ್ತು. ಕೆಂಡದ ಮೇಲೆ ಅಜವಾನದ ಹೊಗೆ. ಕಿಟಕಿ ಮುಚ್ಚಿತ್ತು. ಕನಕಮ್ಮ ತಲೆಗೆ, ಕಿವಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು, ಮುಖವೆಲ್ಲ ಬೆವರು. ಕೂಸಿನ ಮೂಗು ಭೀಮವ್ವನದು. ಇದನ್ನು ಯಾರಿಗೂ ಹೇಳಲಿಲ್ಲ.

ಕರೆಮ್ಮ ಉಂಡಿ ಕಡಿದು ನೋಡಿದರು, ಅಂಟು ಹಲ್ಲಿಗೆ ಹತ್ತುವುದಿಲ್ಲವಲ್ಲ ಎಂದರು, ಇನ್ನೊಂದು ಸೆರಗಿಗೆ ಕಟ್ಟಿಕೊಂಡರು. ಅವರು ಎಮ್ಮೆ ಕಟ್ಟಲು ಹೋದಾಗ ಮಗಳು ಕೂಸಿನ ಸಮೇತ ಹೊಸ್ತಿಲ ಹತ್ತಿರ ಸರಿದು ಮೆಲ್ಲಗೆ ಕರೆದಳು.

“ಯಪ್ಪಾ, ಆ ಗಡಿಗಿ ಇನ್ನೂ ಅದ ಏನು?”

ಇದೆ ಎಂದೆ.

“ನಮ್ಮತ್ತಿ ಓಣಿ ಮಂದಿಗೆಲ್ಲ ಆ ನೀರಿನ ಮಾತ ಹೇಳಾಕತ್ಯಾಳ. ಹಿಂಗ ತಣ್ಣಗ, ಹಂಗ ತಣ್ಣಗ. ಒಳಗ ಕುಂತು ಕೇಳಿ ಕೇಳಿ ನನ್ನ ಗಂಟ್ಲ ಒಣಗ್ತದ. ಯಾವಾಗ ಕರ್ಕೊಂಡು ಹೋಗ್ತಿ?”

ಕೂಸಿನ ಕಾಲು ಹಿಡಿದುಕೊಂಡು ಕೂತೆ.

ಬಸ್ಸಿಗೆ ಬಿಡಲು ಕರೆಮ್ಮನೇ ಬಂದರು. ನಾನು ಹತ್ತುವಾಗ ಹೇಳಿದರು. “ತೊಟ್ಟಲಕ್ಕ ಹಾಕೂದು ಮುಗೀಲಿ. ನಾನ ಕರ್ಕೊಂಡು ಬರ್ತೀನಿ. ಆದ್ರ ಆಕಿಗೆ ಕಾಸಿದ ನೀರು. ತಣ್ಣನ ನೀರು ನನಗ.”

ಯಾವತ್ತು ಎಂದು ಹೇಳಲಿಲ್ಲ. ಕೇಳುವಷ್ಟರಲ್ಲಿ ಬಸ್ಸು ಬಿಟ್ಟಿತು.

೬-೫-೭೯

ಸುದ್ದಿ ಇಲ್ಲ. ದಿನಾ ಹಾಲು ಹೆಚ್ಚು ಕೊಳ್ಳುತ್ತಿದ್ದೇನೆ. ಉಳಿದದ್ದು ಕುಬ್ರಾ ಬೇಗಂ ಮನೆಯಲ್ಲಿ ಮೊಸರಾಗುತ್ತದೆ. “ಬರ್ತಾರ ಬಿಡ್ರಿ ಅಣ್ಣಾ” ಎನ್ನುತ್ತಾರೆ, ಮೊಸರು ವಾಪಸ್ಸು ಕೊಡುತ್ತ.

ಹೊಸ ಗಡಿಗೆ ಇನ್ನೊಂದು ತಂದೆ. ಒಂದು ಬಾಗಿಲ ಮಗ್ಗುಲಲ್ಲಿ, ಗೋಣಿ ಸುತ್ತಿ. ಇನ್ನೊಂದು ಒಲೆಯ ಮಗ್ಗುಲಲ್ಲಿ, ಕಾಸಿದ ನೀರಿಗೆ. ಒಳಖೋಲಿಯ ಕಿಟಕಿಗೆ ಒಣ ಬಟ್ಟೆ. ತಂಪೆಲ್ಲ ಪಡಸಾಲೆಗೆ. ನೆಲ ಮುಟ್ಟಿ ನೋಡಿದೆ, ಕರೆಮ್ಮನ ಹಾಗೆ ಅಂಗೈ ಇಟ್ಟು. ಬೆಚ್ಚಗಿದೆ.

ಮನೆ ತಯಾರು. ಅದಕ್ಕೇ ಇನ್ನಷ್ಟು ಖಾಲಿ ಕಾಣುತ್ತದೆ.

೧೩-೫-೭೯, ಭಾನುವಾರ, ಸಂಜೆ ಐದು

ಇವತ್ತೂ ಹನ್ನೊಂದರ ಬಸ್ಸು ನೋಡಿಕೊಂಡು ಬಂದೆ. ಇಳಿದವರೆಲ್ಲ ಬೇರೆಯವರ ಮನೆಯವರು.

ಹಾಲು ಒಲೆಯ ಮೇಲಿದೆ. ಪಾತ್ರೆಗೆ ಅಡ್ಡ ಮರದ ಸೌಟು ಇಟ್ಟಿದ್ದೇನೆ. ಹಾಗಿಟ್ಟರೆ ಬೇಗ ಉಕ್ಕುವುದಿಲ್ಲ. ಎರಡು ಸಾಲು ಬರೆಯಲು ಪುರಸೊತ್ತು ಸಿಗುತ್ತದೆ. ಇದನ್ನು ಕನಕಮ್ಮನಿಗೆ ಹೇಳಬೇಕು. ಕೂಸು ಅತ್ತಾಗ ಒಲೆ ಮುಂದೆ ಕೂರಲು ಆಗು —

ಓಣಿಯ ತುದಿಯಲ್ಲಿ ಟಾಂಗಾ. ಈ ಓಣಿಗೆ ಯಾವ ಟಾಂಗಾ ಬರುತ್ತದೆ...

ಯಾರೋ ಟಾಂಗಾದವನ ಜೊತೆ ಜಗಳ. ಕರೆಮ್ಮನ ದನಿ. ನಡುವೆ ಸಣ್ಣ ಅಳು.

ಹಾಲು ಉಕ್ಕಿತು. ಉಕ್ಕಲಿ. ಕಾಸಿದ ನೀರಿನ ತಂಬಿಗೆ ಎಲ್ಲಿ ಇ —